ಪ್ರಶ್ನೋತ್ತರ: ಅಟ್ಟದ ಮೇಲಿನ 486ರಲ್ಲಿ ಅಪ್ಪಯ್ಯನ ಹ್ಯಾಮ್ ಲಾಗ್ ಇದೆ, ತೆಗೆಯುವುದು ಹೇಗೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ತೀರ್ಥಹಳ್ಳಿ ಕಡೆ ಹಳ್ಳಿ. ಅಪ್ಪಯ್ಯ ಹವ್ಯಾಸಿ ರೇಡಿಯೋದವರು, ಅಂದರೆ ಹ್ಯಾಮ್ ಆಗಿದ್ದರು, ಹೋದ ವರ್ಷ ತೀರಿಕೊಂಡರು. ಯಾರ ಜೊತೆ ಯಾವಾಗ ಮಾತಾಡಿದರು ಅಂತ ಬರೆದಿಟ್ಟ ಲಾಗ್‌ಬುಕ್ಕು, ಮಾತಾಡಿದ್ದಕ್ಕೆ ಗುರುತಾಗಿ ಬಂದ ಕ್ಯೂಎಸ್ಎಲ್ ಕಾರ್ಡು ಎಲ್ಲ ಗೆದ್ದಲು ತಿಂದವು. 1994ರಿಂದ ಲಾಗನ್ನು 486 ಎಂಬ ಆ ಕಾಲದ ಕಂಪ್ಯೂಟರಿನಲ್ಲೂ ಬರೆದಿದ್ದರು. ಆ ಡಬ್ಬ ಇಪ್ಪತ್ತು ವರ್ಷದಿಂದ ಅಟ್ಟದ ಮೇಲಿದೆ. ಜೋರ್ಡಾನ್ ದೊರೆ ಹುಸೇನ್ ಜೊತೆ ರೇಡಿಯೋದಲ್ಲಿ ಮಾತಾಡಿದ್ದೆ ಅಂತ ಅಪ್ಪಯ್ಯ ಹೇಳುತ್ತಿದ್ದರು. ಆ ಒಂದು ಸಾಲನ್ನು ಕಣ್ಣಿಂದ ನೋಡಬೇಕು ಅಂತ ಅಮ್ಮನ ಆಸೆ. ಪ್ಲಗ್ ಹಾಕಿ ಆನ್ ಮಾಡಲಾ?

ಉತ್ತರ: ಬೇಡ ಮೇಡಂ, ದಯವಿಟ್ಟು ಆನ್ ಮಾಡಬೇಡಿ. ಇಷ್ಟು ವರ್ಷ ಮಲೆನಾಡಿನ ಮಳೆ ಕುಡಿದ ಪವರ್ ಸಪ್ಲೈ ಒಳಗೆ ಏನಾಗಿದೆಯೋ ಹೇಳಲಾಗದು. ಅದು ಸುಟ್ಟರೆ ಡಿಸ್ಕನ್ನೂ ಜೊತೆಗೆ ಎಳೆದುಕೊಂಡು ಹೋಗಬಹುದು. ನಮಗೆ ಬೇಕಾಗಿರುವುದು ಕಂಪ್ಯೂಟರ್ ಅಲ್ಲ, ಅದರೊಳಗಿನ ಹಾರ್ಡ್ ಡಿಸ್ಕ್ ಮಾತ್ರ.

ದೊರೆ ಹುಸೇನ್ ನಿಜವಾಗಿಯೂ ಹ್ಯಾಮ್. ಅವರ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿನ ಗುರುತಿನ ಹೆಸರು, ಜೆವೈ1. 1999ರ ಫೆಬ್ರವರಿಯಲ್ಲಿ ತೀರಿಕೊಂಡರು. ಲೋಕದ ಮೂಲೆಮೂಲೆಯ ಹ್ಯಾಮ್‌ಗಳ ಜೊತೆ ಮಾತಾಡಿದವರು ಅವರು, ನಿಮ್ಮ ತಂದೆಯವರ ಮಾತನ್ನು ನಂಬಲು ನನಗೇನೂ ಕಷ್ಟವಿಲ್ಲ.

ಸ್ಕ್ರೂ ಬಿಚ್ಚಿ ಡಿಸ್ಕ್ ಹೊರತೆಗೆಯಿರಿ. ಮೇಲಿನ ಚೀಟಿಯ ಫೋಟೋ ಹಾಕಿ. ಮದರ್‌ಬೋರ್ಡಿನ ಮೇಲೆ ಪಟಾಕಿಯ ಹಾಗೆ ಉರುಟಾದ ಬ್ಯಾಟರಿ ಇದ್ದರೆ ಬರಿಗೈಯಲ್ಲಿ ಮುಟ್ಟಬೇಡಿ, ಸೋರಿರುತ್ತದೆ.

ಪ್ರಶ್ನೆ: ತೆಗೆದೆ ಸರ್. ಬ್ಯಾಟರಿ ಸುತ್ತ ಹಸಿರು ಪಾಚಿಯ ಥರ ಕಟ್ಟಿತ್ತು. ಡಿಸ್ಕಿನ ಚೀಟಿಯಲ್ಲಿ ಸಿಲಿಂಡರ್ 989, ಹೆಡ್ 15, ಸೆಕ್ಟರ್ 56 ಅಂತಿದೆ. ಹಿಂದೆ 40 ಪಿನ್ನು.

ಉತ್ತರ: ಒಳ್ಳೆಯದಾಯಿತು, ಇದು ಐಡಿಇ ಎಂಬ ಹಳೇ ಬಗೆಯ ಜೋಡಣೆಯ ಡಿಸ್ಕ್. ಆ ಮೂರು ಸಂಖ್ಯೆಗಳನ್ನು ಗುಣಿಸಿ, ಸೆಕ್ಟರಿಗೆ 512 ಬೈಟ್ ಲೆಕ್ಕ ಹಾಕಿ: 42,53,49,120 ಬೈಟ್, ಅಂದರೆ 425 ಎಂಬಿ. ಈ ಸಂಖ್ಯೆ ಬರೆದಿಟ್ಟುಕೊಳ್ಳಿ. ನಕಲು ತೆಗೆದಾಗ ಫೈಲು ಇದರ ಆಸುಪಾಸಿನಲ್ಲಿ ಇಲ್ಲದಿದ್ದರೆ ಎಲ್ಲೋ ತಪ್ಪಿದೆ ಎಂದೇ ಅರ್ಥ.

ಯುಎಸ್‌ಬಿ ಅಡಾಪ್ಟರಿನಲ್ಲಿ ಪ್ರಯತ್ನಿಸಬಹುದು, ಆದರೆ ಕೆಲವು ಅಡಾಪ್ಟರುಗಳಿಗೆ ಇಷ್ಟು ಹಳೆಯ ಡಿಸ್ಕಿನ ಭಾಷೆ ತಿಳಿಯುವುದಿಲ್ಲ. ಆಗ ಐಡಿಇ ಕನೆಕ್ಟರ್ ಇರುವ 2003-04ರ ಕಾಲದ ಡೆಸ್ಕ್‌ಟಾಪ್ ಹುಡುಕಿ, ಅದರಲ್ಲಿ ಲಿನಕ್ಸ್ ಹಾಕಿ. ವಿಂಡೋಸ್‌ಗೆ ಚುಚ್ಚಲೇಬೇಡಿ. ‘ಫಾರ್ಮ್ಯಾಟ್ ಮಾಡಲಾ’ ಎಂದು ಅದು ಕೇಳುತ್ತದೆ, ಮನೆಯಲ್ಲಿ ಯಾರೋ ಹೂಂ ಅನ್ನುತ್ತಾರೆ. ಹಾಗೆ ಹೋದ ಡಿಸ್ಕುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಂ ಇದೆ. ಓದಲು ಬಂದದ್ದನ್ನು ಮೊದಲು ಬಾಚಿಕೊಂಡು, ಹಟ ಮಾಡುವ ಜಾಗಗಳಿಗೆ ಆಮೇಲೆ ಮರಳುತ್ತದೆ. ಎಲ್ಲಿ ಓದಿಯಾಯಿತು ಎಂದು ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ಮಧ್ಯೆ ಕರೆಂಟ್ ಹೋದರೂ ನಿಂತಲ್ಲಿಂದ ಮುಂದುವರಿಸಬಹುದು. ಇಡೀ ಡಿಸ್ಕಿನ ಇಮೇಜ್, ಅಂದರೆ ಪೂರ್ತಿ ನಕಲು, ಬರುವ ತನಕ ಒಂದು ಫೈಲನ್ನೂ ತೆರೆಯಬೇಡಿ. ಡಿಸ್ಕ್ ಟಕ್ ಟಕ್ ಎಂದು ಒಂದೇ ಸಮ ಬಡಿದುಕೊಂಡರೆ ತಕ್ಷಣ ನಿಲ್ಲಿಸಿ. ಅದು ಮನೆಯ ಕೆಲಸ ಅಲ್ಲ, ಲ್ಯಾಬಿಗೆ ಹೋಗಬೇಕು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಸರ್, ನನ್ನ ಲಾಗ್ ಐದೂಕಾಲು ಇಂಚಿನ ಫ್ಲಾಪಿಯಲ್ಲಿದೆ. ಯುಎಸ್‌ಬಿ ಫ್ಲಾಪಿ ಡ್ರೈವ್ ತಗೊಂಡರೆ ಆಗುತ್ತಾ?

ಉತ್ತರ: ಆಗಲ್ಲ, ಅದು ಮೂರೂವರೆ ಇಂಚಿನದ್ದಕ್ಕೆ. ನಿಮಗೆ ಹಳೇ ಡ್ರೈವೇ ಬೇಕು, ಜೊತೆಗೆ ಅದನ್ನು ಯುಎಸ್‌ಬಿಗೆ ಜೋಡಿಸುವ ಗ್ರೀಸ್‌ವೀಝಲ್ ಎಂಬ ಚಿಕ್ಕ ಬೋರ್ಡು. ಫ್ಲಾಪಿಯ ಕಿಂಡಿಯಲ್ಲಿ ಬೂಷ್ಟು ಕಂಡರೆ ಮೊದಲು ಶುಚಿ ಮಾಡಿಸಿ. ಹಾಗೇ ತುರುಕಿದರೆ ಡ್ರೈವಿನ ಹೆಡ್ಡು ಕೊಳೆಯಾಗಿ, ಮುಂದಿನ ಫ್ಲಾಪಿಯನ್ನೂ ಕೆರೆದು ಹಾಕುತ್ತದೆ.

ಪ್ರಶ್ನೆ: ಸರ್, ಇಮೇಜ್ ಪೂರ್ತಿ ಬಂತು! ಗಾತ್ರವೂ ನೀವು ಹೇಳಿದಷ್ಟೇ. ಒಳಗೆ ಲಾಗ್ ಎಂಬ ಹೆಸರಿನ ಡಿಬಿಎಫ್ ಫೈಲ್ ಇದೆ. ಲಿಬ್ರೆಆಫೀಸ್‌ನಲ್ಲಿ ತೆರೆದರೆ 4,287 ಸಾಲು. ಎಲ್ಲಾ ಬಂದಿದೆಯಾ ಅಂತ ತಿಳಿಯೋದು ಹೇಗೆ?

ಉತ್ತರ: ಡಿಬಿಎಫ್ ಅಂದರೆ ಡಿಬೇಸ್ ಎಂಬ ಹಳೇ ಡೇಟಾಬೇಸ್ ಪ್ರೋಗ್ರಾಂನದ್ದು, ಬಹಳ ಪ್ರಾಮಾಣಿಕ ಫೈಲು. ಫೈಲಿನ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ಮೊದಲ ನಾಲ್ಕು ಬೈಟ್ ನೋಡಿ ಹೇಳಿ. ನಂತರದ ನಾಲ್ಕು ಬೈಟ್‌ಗಳಲ್ಲಿ ಒಟ್ಟು ದಾಖಲೆಗಳ ಸಂಖ್ಯೆ ಇರುತ್ತದೆ.

ಪ್ರಶ್ನೆ: 03 63 05 12 ಅಂತಿದೆ. ಸಂಖ್ಯೆ ಲೆಕ್ಕ ಹಾಕಿದರೆ 4,312 ಬರುತ್ತದೆ ಸರ್.

ಉತ್ತರ: ಮೊದಲ ಬೈಟ್ ಫೈಲಿನ ಬಗೆ, ಮುಂದಿನ ಮೂರು ಕೊನೆಯ ಸಲ ಬರೆದ ವರ್ಷ, ತಿಂಗಳು, ದಿನ. ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿ, 63 ಎಂದರೆ 99, 12 ಎಂದರೆ 18. ಕಂಪ್ಯೂಟರಿನ ಗಡಿಯಾರ ಸರಿಯಾಗಿತ್ತು ಎಂದುಕೊಂಡರೆ, ನಿಮ್ಮ ತಂದೆಯವರು ಈ ಫೈಲಿನಲ್ಲಿ ಕೊನೆಯ ಸಲ ಬರೆದದ್ದು 18 ಮೇ 1999ರಂದು.

ಇನ್ನು 25 ಸಾಲು ಕಡಿಮೆ ಬಂದದ್ದು. ಡಿಬೇಸ್‌ನಲ್ಲಿ ಸಾಲು ಅಳಿಸಿದರೆ ಅದು ಎಲ್ಲೂ ಹೋಗುವುದಿಲ್ಲ, ಅದರ ಶುರುವಿನಲ್ಲಿ ಗುರುತಿಗೆಂದೇ ಇರುವ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಬೀಳುತ್ತದೆ, ಅಷ್ಟೇ. ‘ಪ್ಯಾಕ್’ ಎಂಬ ಆದೇಶ ಕೊಟ್ಟರೆ ಮಾತ್ರ ಪೂರ್ತಿ ಅಳಿಯುತ್ತದೆ. ಲಿಬ್ರೆಆಫೀಸ್ ಬೇಸ್‌ನಲ್ಲಿ ಅಳಿಸಿದ ದಾಖಲೆಗಳನ್ನೂ ತೋರಿಸುವ ಆಯ್ಕೆ ಇದೆ, ಅದನ್ನು ಒತ್ತಿ ನೋಡಿ.

ಪ್ರಶ್ನೆ: 25ರಲ್ಲಿ ಹೆಚ್ಚಿನವು ಎರಡೆರಡು ಸಲ ಬರೆದ ಸಾಲುಗಳು. ಜೆವೈ1 ಅಳಿಸದ ಸಾಲುಗಳಲ್ಲೇ ಸಿಕ್ಕಿತು ಸರ್. ಸಮಯ 21:10, 14 ಮೆಗಾಹರ್ಟ್ಸ್. ಅಮ್ಮ ಪರದೆ ಮುಟ್ಟಿ ಮುಟ್ಟಿ ನೋಡಿದರು. ಈ 21:10 ನಮ್ಮ ಸಮಯವೋ, ಲೋಕಕ್ಕೆಲ್ಲ ಒಂದೇ ಆದ ಯುಟಿಸಿ ಸಮಯವೋ?

ಉತ್ತರ: ಓದಿ ಮನಸ್ಸು ತುಂಬಿತು ಮೇಡಂ.

ಸಮಯ ಪತ್ತೆ ಮಾಡಲು ಒಂದು ದಾರಿ ಇದೆ. ಸಿಕ್ಯೂ ವರ್ಲ್ಡ್‌ವೈಡ್ ಎಂಬ ಹ್ಯಾಮ್ ಸ್ಪರ್ಧೆಯ ಮಾತಿನ ವಿಭಾಗ ಅಕ್ಟೋಬರಿನ ಕೊನೆಯ ಪೂರ್ಣ ವಾರಾಂತ್ಯದಲ್ಲಿ ನಡೆಯುತ್ತದೆ. ಶುರುವಾಗುವುದು ಶನಿವಾರ ಯುಟಿಸಿ 00:00ಕ್ಕೆ, ನಮಗೆ ಆಗ ಬೆಳಗಿನ ಐದೂವರೆ. ನಿಮ್ಮ ತಂದೆ ಭಾಗವಹಿಸಿದ್ದರೆ ಆ ದಿನ ಸಾಲುಗಳು ಒಮ್ಮೆಲೇ ತುಂಬಿಕೊಂಡಿರುತ್ತವೆ. ಉದಾಹರಣೆಗೆ 26 ಅಕ್ಟೋಬರ್ 1996 ನೋಡಿ.

ಪ್ರಶ್ನೆ: ಅವತ್ತು ಮೊದಲ ಸಾಲು 05:34 ಸರ್. ಆಮೇಲೆ ನಿಮಿಷಕ್ಕೊಂದು, ಎರಡು ನಿಮಿಷಕ್ಕೊಂದು. ಕೊನೆಯದು ಸೋಮವಾರ ಬೆಳಿಗ್ಗೆ 05:21.

ಉತ್ತರ: ಹಾಗಾದರೆ ಅವರು ಬರೆದದ್ದು ನಮ್ಮ ಗಡಿಯಾರದ ಸಮಯ. ಜೆವೈ1 ಜೊತೆ ಮಾತಾಡಿದ್ದು ಯುಟಿಸಿ 15:40ಕ್ಕೆ. ಆದರೆ ಅವರ ಕಾಲಮ್ ತಿದ್ದಬೇಡಿ. ಪಕ್ಕದಲ್ಲಿ ಹೊಸ ಕಾಲಮ್ ಮಾಡಿ ಐದೂವರೆ ಗಂಟೆ ಕಳೆಯಿರಿ. ಬೆಳಗಿನ 05:30ರೊಳಗಿನ ಸಾಲುಗಳಲ್ಲಿ ತಾರೀಖೂ ಒಂದು ದಿನ ಹಿಂದೆ ಹೋಗುತ್ತದೆ, ಮರೆಯಬೇಡಿ. ಈಗಿನ ಲಾಗಿಂಗ್ ಪ್ರೋಗ್ರಾಂಗಳಿಗೆ ಬೇಕಾದ ಎಡಿಐಎಫ್ ಫೈಲನ್ನು ಆ ಹೊಸ ಕಾಲಮ್‌ನಿಂದ ಮಾಡಿ. ಮೂಲ ಇಮೇಜನ್ನು ಎರಡು ಬೇರೆ ಬೇರೆ ಡಿಸ್ಕುಗಳಲ್ಲಿ ಇಡಿ, ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಬೇರೆ ಊರಿನಲ್ಲಿ. ಅಮ್ಮನಿಗೆ ಪ್ರಿಂಟ್ ತೆಗೆದುಕೊಡುವಾಗ 21:10 ಅಂತಲೇ ಇರಲಿ, ಅಪ್ಪಯ್ಯ ಬರೆದಿಟ್ಟ ಹಾಗೆ.