ಹಳೇಮನೆ ಗ್ರೂಪಿನಲ್ಲಿ ಐರೀನ್ ಪಾಪಸ್

ಭಾನುವಾರ ಬೆಳಗ್ಗೆ ದೊಡ್ಡಪ್ಪ ನಮ್ಮ ‘ಹಳೇಮನೆ ಬಳಗ’ಕ್ಕೆ ಒಂದು ಫಾರ್ವರ್ಡ್ ಹಾಕಿದರು. ಕಪ್ಪು ಬಟ್ಟೆ, ದಟ್ಟ ಹುಬ್ಬಿನ ಹೆಂಗಸಿನ ಫೋಟೊ. ಕೆಳಗೆ, ‘ಜೋರ್ಬಾ ಚಿತ್ರಕ್ಕೆ ಆಸ್ಕರ್ ಗೆದ್ದ ಗ್ರೀಕ್ ನಟಿ ಐರೀನ್ ಪಾಪಸ್. ಎಲ್ಲರಿಗೂ ಕಳಿಸಿ.’ ಆಮೇಲೆ ನಡೆದದ್ದು ಇದು.

ವಸಂತತ್ತೆ: ಅಣ್ಣಾ, ಇದು ತಪ್ಪು. ಜೋರ್ಬಾದ ನಟನೆಗೆ ಆಸ್ಕರ್ ಬಂದಿದ್ದು ಲೀಲಾ ಕೆದ್ರೋವಾಗೆ. ಹೋಟೆಲಿನ ಯಜಮಾನಿ ಪಾತ್ರ ಮಾಡಿದವರು. ಪಾಪಸ್‌ಗೆ ಜೀವಮಾನದಲ್ಲಿ ಒಂದು ನಾಮಿನೇಶನ್ ಕೂಡ ಸಿಗಲಿಲ್ಲ.

ದೊಡ್ಡಪ್ಪ: ನನ್ನ ಬ್ಯಾಂಕಿನ ಗೆಳೆಯರು ಕಳಿಸಿದ್ದು. ಸುಮ್ನೆ ಬರೆಯುತ್ತಾರಾ?

ಸುಧಿ ಭಾವ: ಸುಮ್ನೆನೇ ಬರೆಯುತ್ತಾರೆ ಮಾವ.

ನಾನು: ಆಸ್ಕರ್ ಗೆದ್ದ ಗ್ರೀಕ್ ನಟಿ ಕತೀನಾ ಪಕ್ಸಿನೂ. 1943ರ ಚಿತ್ರಕ್ಕೆ. ಯಾರೋ ಎಲ್ಲಾ ಸೇರಿಸಿ ಒಂದೇ ಹುಳಿ ಮಾಡಿದ್ದಾರೆ.

ದೊಡ್ಡಪ್ಪ: ಸರಿ, ಆಸ್ಕರ್ ಬೇಡ ಬಿಡಿ. ಆದರೆ ಜೋರ್ಬಾ ನಾನೂ ನೋಡಿದ್ದೇನೆ. ಪಾಪಸ್‌ಗೆ ಅದರಲ್ಲಿ ಮಾತೇ ಇಲ್ಲವಲ್ಲ! ಕಪ್ಪು ಬಟ್ಟೆ ಹಾಕಿಕೊಂಡು ದುರುಗುಟ್ಟುವುದು, ಕೊನೆಗೆ ಊರಿನವರ ಕೈಯಲ್ಲಿ ಸಾಯುವುದು. ಅಷ್ಟಕ್ಕೆ ಇಷ್ಟೊಂದು ಹೊಗಳಿಕೆ ಯಾಕೆ?

ವಸಂತತ್ತೆ: ಮಾತಿಲ್ಲದೆ ಮಾಡಿದ್ದಾರಲ್ಲ, ಅದಕ್ಕೇ! ಮಳೆ ಸುರಿಯುತ್ತಿರುವಾಗ ಗಂಡಸರೆಲ್ಲ ಸೇರಿ ಪಾಪಸ್ ಮಾಡಿದ ಆ ವಿಧವೆಯ ಮೇಕೆ ಬಚ್ಚಿಟ್ಟು ಆಟ ಆಡಿಸುತ್ತಾರೆ, ನೆನಪಿದೆಯಾ? ಒದ್ದೆಯಾಗಿ ನಿಂತು ಅವರನ್ನು ನೋಡುತ್ತಾಳೆ. ಅವಳು ಅಳುವುದನ್ನು ಅವರು ಕಾಯುತ್ತಿದ್ದಾರೆ. ಅವಳು ಅಳುವುದಿಲ್ಲ. ಮುಂದೆ ಆ ಊರು ಅವಳನ್ನು ಯಾಕೆ ಕೊಲ್ಲುತ್ತದೆ ಅಂತ ನನಗೆ ಅಲ್ಲೇ ಗೊತ್ತಾಯಿತು.

ಸುಧಿ ಭಾವ: ಅತ್ತೆ, ಒಂದು ಮಾತು. ಹಳೇ ಗ್ರೀಕ್ ನಾಟಕಗಳ ಹೆಂಗಸರನ್ನೇ ನೋಡಿ. ಆಂಟಿಗನಿ 1961, ಎಲೆಕ್ಟ್ರಾ 1962, ಆಮೇಲೆ ಕ್ಲೈಟೆಮ್ನೆಸ್ಟ್ರಾ. ಎಲ್ಲದರಲ್ಲೂ ಅದೇ ಹುಬ್ಬು, ಅದೇ ಸಿಟ್ಟು. ನಾಟಕದ ನಟಿಯನ್ನು ಕ್ಯಾಮೆರಾ ಮುಂದೆ ನಿಲ್ಲಿಸಿದ ಹಾಗೆ.

ಚಿಕ್ಕಮ್ಮ: ಮಾವಿನ ಮಿಡಿ ಯಾರಿಗೆ ಎಷ್ಟು ಬೇಕು? ನಾಳೆ ಹೇಳಿದರೆ ಸಿಗುವುದಿಲ್ಲ.

ವಸಂತತ್ತೆ: ನನಗೆ ಎರಡು ಸೇರು. ಸುಧಿ, ನಾಟಕದವರು ಅನ್ನುವುದು ಬೈಗುಳ ಅಲ್ಲಪ್ಪ. 1968ರಲ್ಲಿ ನ್ಯೂಯಾರ್ಕಿನ ಸ್ಟೇಜಿನಲ್ಲಿ ಕ್ಲೈಟೆಮ್ನೆಸ್ಟ್ರಾ ಮಾಡಿದರು. ನಿರ್ದೇಶಕರು ಜೋರ್ಬಾದ ಕಾಕೊಯಾನಿಸ್. ಅದೇ ಪಾತ್ರ, ಅದೇ ನಿರ್ದೇಶಕರು, 1977ರಲ್ಲಿ ಸಿನಿಮಾ. ಗೊತ್ತಿಲ್ಲದೆ ಮಗಳನ್ನು ಬಲಿಗೆ ಕರೆದುಕೊಂಡು ಹೋಗುವ ತಾಯಿಯ ಪಾತ್ರವನ್ನು ಒಂಬತ್ತು ವರ್ಷ ಬಿಟ್ಟು ಇನ್ನೊಮ್ಮೆ ಮಾಡುವುದು ಸುಲಭ ಅಂದುಕೊಂಡೆಯಾ? ಲಂಕೇಶರ ಅಂತಿಗೊನೆಯಲ್ಲಿ ಬರೀ ಮೇಳದಲ್ಲಿ ನಿಂತೇ ನನಗೆ ಮೂರು ದಿನ ಗಂಟಲು ಕಟ್ಟಿತ್ತು.

ಸುಧಿ ಭಾವ: ಬಂತು! ಕಾಲೇಜಿನ ಅಂತಿಗೊನೆ ಬಂತು!

ದೊಡ್ಡಪ್ಪ: ಗ್ರೀಸ್ ಬಿಟ್ಟು ನ್ಯೂಯಾರ್ಕಿಗೆ ಯಾಕೆ ಹೋದರು? ದುಡ್ಡು ಜಾಸ್ತಿ ಅಂತ ತಾನೆ?

ನಾನು: ಅಲ್ಲ ದೊಡ್ಡಪ್ಪ. 1967ರಲ್ಲಿ ಅಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಪಾಪಸ್ ಆ ಸೈನ್ಯದ ಆಡಳಿತವನ್ನು ಬಹಿರಂಗವಾಗಿ ಬೈದು ಹೊರಗೇ ಉಳಿದರು. 1974ರಲ್ಲಿ ಆ ಆಡಳಿತ ಬಿತ್ತು. 1969ರ ‘ಝೀ’ ಚಿತ್ರದಲ್ಲಿ ಕೊಲೆಯಾದ ಸಂಸದನ ಹೆಂಡತಿ ಅವರೇ. ಆ ಚಿತ್ರ ಗ್ರೀಸಿನಲ್ಲಿ ಬ್ಯಾನ್ ಆಗಿತ್ತು. ಅಲ್ಲೂ ಮಾತು ಕಮ್ಮಿ.

ದೊಡ್ಡಪ್ಪ: ಅಲ್ಲೂ ಮಾತಿಲ್ಲ! ನಾನು ಹೇಳಿದ್ದೂ ಅದೇ ಅಲ್ವಾ?

ಇಲ್ಲಿ ಅತ್ತೆ ನಾಲ್ಕು ನಿಮಿಷದ ವಾಯ್ಸ್ ಮೆಸೇಜ್ ಹಾಕಿದರು. ಯಾರೂ ಪೂರ್ತಿ ಕೇಳಿದಂತಿಲ್ಲ. ಆಮೇಲೆ ಅವರೇ ಟೈಪ್ ಮಾಡಿದರು.

ವಸಂತತ್ತೆ: ಹಾಗಾದರೆ 1971ರ ‘ಟ್ರೋಜನ್ ವಿಮೆನ್’ ನೋಡಿ. ಅದರಲ್ಲಿ ಪಾಪಸ್ ಹೆಲೆನ್, ಗಂಡನನ್ನು ಬಿಟ್ಟು ಹೋಗಿ ಟ್ರಾಯ್ ಯುದ್ಧಕ್ಕೆ ಕಾರಣವಾದವಳು. ಸಿಟ್ಟಿಲ್ಲ, ದುಃಖವಿಲ್ಲ. ಸೋತ ಊರಿನ ಹೆಂಗಸರು ಬಾಯಾರಿ ಕೂತಿದ್ದಾರೆ. ಇವಳಿಗೆ ನೀರು ಸಿಗುತ್ತದೆ. ಕುಡಿಯುವುದಕ್ಕಲ್ಲ, ಅವರ ಎದುರಿಗೇ ಮೈ ತೊಳೆದುಕೊಳ್ಳುವುದಕ್ಕೆ! ಗಂಡನ ಮುಂದೆ ಬಂದಾಗ ಮಾತು ಸಾಲುಸಾಲಾಗಿ ಬರುತ್ತದೆ, ಒಂದನ್ನೂ ನಂಬುವ ಹಾಗಿಲ್ಲ. ಅದೇ ಹುಬ್ಬು ಸುಧಿ, ಆದರೆ ಬೇರೆ ಹೆಂಗಸು. ಕ್ಯಾಥರೀನ್ ಹೆಪ್‌ಬರ್ನ್ ಇದ್ದ ಚಿತ್ರದಲ್ಲಿ ನನ್ನ ಕಣ್ಣು ಇವಳನ್ನು ಬಿಟ್ಟು ಅಲ್ಲಾಡಲಿಲ್ಲ.

ಸುಧಿ ಭಾವ: ಅದನ್ನು ನಾನು ನೋಡಿಲ್ಲ.

ವಸಂತತ್ತೆ: ಗೊತ್ತಾಯಿತು.

ಒಂದು ಗಂಟೆ ಗ್ರೂಪು ತಣ್ಣಗಿತ್ತು. ಚಿಕ್ಕಮ್ಮ ಮಿಡಿಯ ಲೆಕ್ಕ ಹಾಕಿದರು. ಫಾರ್ವರ್ಡ್ ಇದ್ದ ಜಾಗದಲ್ಲಿ ‘ಈ ಸಂದೇಶವನ್ನು ಅಳಿಸಲಾಗಿದೆ’ ಅಂತ ಬಂತು. ರಾತ್ರಿ ಹತ್ತೂವರೆಗೆ ಕೊನೆಯ ಮೆಸೇಜು.

ದೊಡ್ಡಪ್ಪ: ವಸಂತಾ, ಆ ನೀರಿನ ಸೀನು ಎಷ್ಟು ಹೊತ್ತಿಗೆ ಬರುತ್ತದೆ? ನಿಮ್ಮ ಅತ್ತಿಗೆ ನಿದ್ದೆ ಬರುತ್ತಿದೆ ಅನ್ನುತ್ತಿದ್ದಾಳೆ.