ಪದಚರ್ಚೆ: ಗುಜರಿ ತಗಡಿನ ಹಾಟ್ ರಾಡ್ ‘ಬಾಡಿ ಫ್ಯಾಬ್ರಿಕೇಶನ್’ಗೆ ಕನ್ನಡದಲ್ಲಿ ಏನೆನ್ನೋಣ?

ಶಿವಾಜಿನಗರದಿಂದ:

ಪರಿಚಿತರ ಶೆಡ್ಡಿಗೆ ನಾಮಫಲಕ ಬರೆಯುವವನು ನಾಡಿದ್ದು ಬರುತ್ತಾನೆ. ಶೇಕಡ 60ರಷ್ಟು ಕನ್ನಡವಿರಬೇಕೆಂಬ ನಿಯಮವನ್ನು ಇಂಗ್ಲಿಷ್ ಪದಗಳ ಲಿಪಿ ಬದಲಿಸಿಯೇ ಪೂರೈಸಬಹುದು, ಆದರೆ ನನ್ನ ಮನಸ್ಸು ಒಪ್ಪುತ್ತಿಲ್ಲ. ಅಲ್ಲಿ 200 ಲೀಟರಿನ ಹಳೆಯ ಎಣ್ಣೆ ಡ್ರಮ್ಮನ್ನು ಸೀಳಿ, ಬಿಡಿಸಿ, ಚಪ್ಪಟೆ ಮಾಡಿ, ಮರಳು ತುಂಬಿದ ಚರ್ಮದ ಚೀಲದ ಮೇಲಿಟ್ಟು ಕೊಡತಿಯಿಂದ ಬಡಿದು ಹಾಟ್ ರಾಡ್ (ವೇಗಕ್ಕೆಂದು ಬದಲಿಸಿದ ಹಳೆಯ ಕಾರು) ಕಾರುಗಳಿಗೆ ಮಡ್‌ಗಾರ್ಡ್, ಬಾನೆಟ್ ಮೊದಲಾದವನ್ನು ರೂಪಿಸುತ್ತಾರೆ. ‘ನಿರ್ಮಾಣ’ ಎಂದರೆ ಮನೆ ಕಟ್ಟಿಸುವವರು ಬಂದು ನಿಲ್ಲುತ್ತಾರೆ. ‘ಮಾರ್ಪಾಡು’ ಎಂಬುದಂತೂ ಬೇಡವೇ ಬೇಡ. ಇವರ ಗಾಡಿಗಳು ಪ್ರದರ್ಶನಕ್ಕಷ್ಟೇ ಆದರೂ, ವಾಹನದ ಮಾರ್ಪಾಡನ್ನು ನಿರ್ಬಂಧಿಸುವ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇರುವವರೆಗೆ ಆ ಪದವನ್ನು ಬರೆಸುವುದೆಂದರೆ ಆರ್‌ಟಿಓ ಕಚೇರಿಗೆ ಲಗ್ನಪತ್ರಿಕೆ ಕಳಿಸಿದಂತೆ. ದಯವಿಟ್ಟು ಬೇಗ ತಿಳಿಸಿ.

ಬಸವನಗುಡಿಯಿಂದ:

‘ತಗಡುಗೆಯ್ಮೆ’ ಎನ್ನಿ, ಮುಗಿಯಿತು. ತಗಡು ಅಪ್ಪಟ ದ್ರಾವಿಡ ಪದ. ತಮಿಳಿನಲ್ಲೂ ಇದೆ, 1894ರ ಕಿಟ್ಟೆಲ್ ನಿಘಂಟಿನಲ್ಲೂ ಇದೆ. ‘ಗೆಯ್’ ಧಾತುವಿನಿಂದ ಬಂದ ‘ಗೆಯ್ಮೆ’ಯನ್ನು ನಾವು ಹೊಲಕ್ಕಷ್ಟೇ ಮೀಸಲಿಟ್ಟು ಸೊರಗಿಸಿದ್ದೇವೆ. ‘ಗುಜರಿ’ಯನ್ನು ಕೈಬಿಡಿ, ಅದು ಉರ್ದುವಿನ ಮೂಲಕ ಬಂದ ಪಾರಸಿ ಬೇರಿನ ಪದ, ‘ಹಳೆಗಬ್ಬಿಣ’ ಎಂದರೆ ಎಲ್ಲರಿಗೂ ತಿಳಿಯುತ್ತದೆ. ಹಾಟ್ ರಾಡ್‌ಗೆ ‘ಬಿಸಿಸರಳು’ ಎಂದರಾಯಿತು.

ಮಲ್ಲೇಶ್ವರದಿಂದ:

ಬಿಸಿಸರಳು ಎಂದು ಬರೆಸಿದರೆ ಎಮ್ಮೆಗೆ ಬರೆ ಹಾಕಿಸಲು ಬರುತ್ತಾರೆ. ‘ಹಾಟ್ ರಾಡ್’ ಎಂಬುದು ‘ಹಾಟ್ ರೋಡ್‌ಸ್ಟರ್’ ಸವೆದು ಆದದ್ದೋ, ಎಂಜಿನ್ನಿನ ಯಾವುದೋ ಸರಳಿನಿಂದ ಬಂದದ್ದೋ ಎಂಬುದು ಅಮೆರಿಕದವರಲ್ಲೇ ಇತ್ಯರ್ಥವಾಗಿಲ್ಲದಿರುವಾಗ, ಮೂಲವೇ ನಿಶ್ಚಯವಿಲ್ಲದ ಹೆಸರನ್ನು ಅನುವಾದಿಸುವ ಸಾಹಸವೇಕೆ? ಇನ್ನು ‘ತಗಡು’: ಕಿಟ್ಟೆಲರ ಕಾಲದ ಅರ್ಥ ಏನೇ ಇರಲಿ, ಇಂದು ಈ ಊರಿನ ಹುಡುಗರು ಕೈಲಾಗದವನನ್ನು ತಗಡು ಎನ್ನುತ್ತಾರೆ, ಕೆಟ್ಟ ಸಿನಿಮಾವನ್ನೂ ತಗಡು ಎನ್ನುತ್ತಾರೆ. ಗಿರಾಕಿಯು ಫಲಕ ಓದಿ ಬಾಗಿಲಿನಿಂದಲೇ ನಕ್ಕು ಹಿಂದಿರುಗುತ್ತಾನೆ.

ಗುಜರಿಯನ್ನು ಮಾತ್ರ ಬಿಡಬೇಡಿ. 1930ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಒಣಕೆರೆಗಳ ಅಂಗಳದಲ್ಲಿ ಓಡಿದ ಈ ಕಾರುಗಳು ಹುಟ್ಟಿದ್ದೇ ಹಳೆಯ ಫೋರ್ಡುಗಳಿಂದ. 1946ರಲ್ಲಿ ಅಲ್ಲಿನ ಕಾರು ಓಟಗಾರ ಬಿಲ್ ಬರ್ಕ್ ಯುದ್ಧದಲ್ಲಿ ಮಿಕ್ಕ ವಿಮಾನದ ಇಂಧನ ತೊಟ್ಟಿಯನ್ನೇ ಕಾರಿನ ಬಾಡಿ ಮಾಡಿಕೊಂಡು ಓಡಿಸಿದ. ಪಾರಸಿ ಬೇರೆಂದು ‘ಗುಜರಿ’ಯನ್ನು ಹೊರಹಾಕುವವರು ಮೊದಲು ತಮ್ಮ ಅರ್ಜಿ, ರಸೀದಿ, ಜಮೀನುಗಳನ್ನು ಬಿಟ್ಟುಕೊಟ್ಟು ಬರಲಿ.

ಬಸವನಗುಡಿಯಿಂದ:

ಪೋಲಿ ಹುಡುಗರು ಬಳಸಿದರೆಂದು ಪದವನ್ನೇ ತ್ಯಜಿಸುವುದಾದರೆ ಕನ್ನಡದಲ್ಲಿ ಉಳಿಯುವುದು ನಾಲ್ಕೇ ಪದ. ಜಮೀನಿಗೆ ನನ್ನಲ್ಲಿ ‘ನೆಲ’ವಿದೆ. ಇದರ ಮೇಲೆ ಉತ್ತರಿಸುವುದಿಲ್ಲ.

ಶಿವಾಜಿನಗರದಿಂದ:

ಇಬ್ಬರಿಗೂ ವಂದನೆಗಳು. ನಿನ್ನೆ ಸಂಜೆ ಶೆಡ್ಡಿಗೇ ಹೋಗಿ ಕುಳಿತಿದ್ದೆ. ಹಿರಿಯ ಕೆಲಸಗಾರರೊಬ್ಬರು ಮಡ್‌ಗಾರ್ಡಿನ ಅಂಚನ್ನು ಇಕ್ಕಳದಲ್ಲಿ ಹಿಡಿದು ಸೀರೆಯ ನೆರಿಗೆಯಂತೆ ಸಾಲಾಗಿ ಮಡಿಸಿ, ಆ ನೆರಿಗೆಗಳು ಬಿಚ್ಚಿಕೊಳ್ಳದಂತೆ ಮೊದಲು ತುದಿಯನ್ನು ಬಡಿದು, ಬಳಿಕ ಒಂದೊಂದನ್ನೂ ಅದರೊಳಗೇ ಅಡಗಿಸುತ್ತಿದ್ದರು. ಅಂಚು ಕುಗ್ಗಿ ದಪ್ಪವಾಗುತ್ತ ಬಂದಂತೆ ನಡುಭಾಗವು ಬಟ್ಟಲಿನಂತೆ ಮೇಲೆದ್ದಿತು. ಇದಕ್ಕೆ ಏನೆನ್ನುತ್ತೀರಿ ಎಂದು ಕೇಳಿದರೆ, ನನ್ನನ್ನು ಅಜ್ಞಾನಿಯಂತೆ ನೋಡಿ, ‘ನೆರಿಗೆ ಹಿಡಿಯೋದು’ ಎಂದರು. ಇಡೀ ಕೆಲಸಕ್ಕೆ? ‘ಬಾಡಿ ಕಟ್ಟೋದು.’ ಲಾರಿಗೂ ಬಸ್ಸಿಗೂ ನಾವು ಬಾಡಿ ಕಟ್ಟಿಸುತ್ತಲೇ ಬಂದಿರುವಾಗ ಈ ‘ಕಟ್ಟು’ ನಮ್ಮ ಮೂವರಿಗೂ ಹೊಳೆಯದಿದ್ದದ್ದು ಸೋಜಿಗ. ಗಾಡಿಯನ್ನೂ ಮನೆಯನ್ನೂ ಹೂವನ್ನೂ ಕಟ್ಟುವ ಈ ಧಾತುವಿಗೆ ಗೆಯ್ಮೆಯ ಹಂಗಾಗಲಿ ಫ್ಯಾಬ್ರಿಕೇಶನ್ನಿನ ಹಂಗಾಗಲಿ ಇಲ್ಲ. ‘ಬಾಡಿ’ ಇಂಗ್ಲಿಷಿನದೆಂಬ ಆಕ್ಷೇಪ ಬರುತ್ತದೆಂದು ಬಲ್ಲೆ. ‘ಒಡಲು ಕಟ್ಟುವುದು’ ಎಂದು ಅವರಿಗೂ ಹೇಳಿ ನೋಡಿದೆ, ಯಾರಿಗೆ ಹುಷಾರಿಲ್ಲ ಎಂದು ಕೇಳಿದರು.

ಹೀಗಾಗಿ ಇಂದು ಬೆಳಿಗ್ಗೆ ‘ಇಲ್ಲಿ ಗುಜರಿಯಿಂದ ಹಾಟ್ ರಾಡ್ ಬಾಡಿ ಕಟ್ಟಿ ಕೊಡಲಾಗುವುದು’ ಎಂದು ಬರೆಸಲಾಯಿತು. ‘ಕಟ್ಟಿ’ಗೂ ‘ಕೊಡಲಾಗುವುದು’ಗೂ ನಡುವೆ ಜಾಗ ಬಿಟ್ಟಿರುವುದನ್ನು ನಾನೂ ಗಮನಿಸಿದ್ದೇನೆ, ದಯವಿಟ್ಟು ಯಾರೂ ಬರೆಯಬೇಡಿ, ಬಣ್ಣ ಒಣಗಿದೆ.