ಸಹಾಯ ಬೇಕು: ಹೊಸ ಪಿಸಿಗೆ ಹಳೇ ರ್‍ಯಾಮ್ ಸಾಕಾಗ್ತೈತೇನ್ರಿ?

ನಮಸ್ಕಾರ್ರಿ ಎಲ್ಲಾರಿಗೂ. ಧಾರವಾಡದಾಗ ತಮ್ಮನ ಓದಿಗಂತ ಹೊಸ ಪಿಸಿ ಜೋಡಿಸೇನಿ. ಪ್ರೊಸೆಸರ್ ರೈಜನ್ 5 5600ಜಿ, ಮದರ್‌ಬೋರ್ಡ್ ಬಿ550, ಬ್ಯಾರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ರ್‍ಯಾಮ್ ರೇಟ್ ಕೇಳಿದ್ರ ತಲಿ ತಿರಗತೈತಿ, ಅದಕ್ಕ ಹಳೇ ಪಿಸಿಯಾಗಿನ 8 ಜಿಬಿಯ ಎರಡು ಡಿಡಿಆರ್4 ಸ್ಟಿಕ್ ಹಾಕೇನಿ, ಸ್ಪೀಡ್ 2400. ಚಾಲೂ ಆತು, ಬಯೋಸ್‌ನಾಗೂ (ಬೋರ್ಡಿನ ಸೆಟ್ಟಿಂಗ್ ಪರದೆ) 2400 ಅಂತನ ತೋರಸ್ತೈತಿ. ಸ್ಪೀಡ್ ತಾನ ಏರಿಸೂ ಎಕ್ಸ್‌ಎಂಪಿ ಆಯ್ಕೆನ ಇಲ್ಲ.

ಬ್ರೌಸರ್, ಟ್ಯಾಲಿ ಆರಾಮ ನಡೀತಾವು. ಆದ್ರ ಈ ಚಿಪ್‌ನ ಗ್ರಾಫಿಕ್ಸ್ ಇದ ರ್‍ಯಾಮ್ ಹಂಚ್ಕೊಳ್ಳೂದಲ್ರಿ, ಗೇಮ್ ಹಚ್ಚಿದ್ರ ಎಳದಾಡ್ತೈತಿ. (ಓದಿಗಂತ ತಂದಿದ್ದು, ಗೇಮ್ ಮಾತು ಅಪ್ಪಾರಿಗೆ ಹೇಳಬ್ಯಾಡ್ರಿ.) ಬಯೋಸ್‌ನಾಗ ಕೈಲೇ 2666ಕ್ಕ ಏರಿಸಿದವರು ಯಾರರ ಅದೀರೇನು? ವೋಲ್ಟೇಜ್ 1.2ಕ್ಕ ಬಿಡ್ಲೋ, ಸ್ವಲ್ಪ ಏರಿಸ್ಲೋ? 3200ರ ಒಂದ ಸ್ಟಿಕ್ ತಂದು ಕೂಡಿಸಿದ್ರ ಅದೂ 2400ಕ್ಕ ಇಳೀತೈತಿ, ಅದು ಬ್ಯಾಡ. ಹುಬ್ಬಳ್ಳಿಯಾಗ ಸೆಕೆಂಡ್ ಹ್ಯಾಂಡ್ 3200 ಜೋಡಿ ಎಲ್ಲೆ ಸಿಗತೈತಿ ಹೇಳ್ರಿ.